ಗಡುವಿಲ್ಲದ ಕನಸು

ದೊಡ್ಡ ಪರೀಕ್ಷೆಗಳ ಫಲಿತಾಂಶ ಹೊರಬಿದ್ದಾಗಲೆಲ್ಲ ನಮ್ಮ ಸೀಮೆಯ ಊರುಗಳಲ್ಲಿ ಸನ್ಮಾನದ ಸುಗ್ಗಿ ಏಳುತ್ತದೆ. ಚನ್ನಗಿರಿಯಾಗಲಿ ಹೊನ್ನಾಳಿಯಾಗಲಿ, ನ್ಯಾಮತಿಯಾಗಲಿ ಜಗಳೂರಾಗಲಿ, ದೃಶ್ಯ ಒಂದೇ: ವೇದಿಕೆ, ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ, ನಡುವೆ ನಾಚಿಕೊಂಡು ಕುಳಿತ ಒಬ್ಬ ತರುಣ ಅಥವಾ ತರುಣಿ, ಸುತ್ತಲೂ ಭಾಷಣಕಾರರು. ಭಾಷಣಗಳ ಸಾರವೂ ಒಂದೇ: "ಛಲ ಬಿಡಬೇಡಿ. ಪ್ರಯತ್ನಪಟ್ಟರೆ ಆಗದ್ದಿಲ್ಲ. ಇಗೋ, ಇವರನ್ನು ನೋಡಿ." ಇಂಥ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ನಾನೂ ಚಪ್ಪಾಳೆ ತಟ್ಟಿದ್ದೇನೆ, ಮೇಷ್ಟರಾಗಿದ್ದ ಕಾಲದಲ್ಲಿ ಆ ಭಾಷಣವನ್ನು ಮಾಡಿಯೂ ಇದ್ದೇನೆ. ಆದ್ದರಿಂದ ಈಗ ಬರೆಯುತ್ತಿರುವುದನ್ನು ಓದುಗರು ದೂರು ಎನ್ನುವ ಬದಲು ತಪ್ಪೊಪ್ಪಿಗೆ ಎಂದು ತಿಳಿದರೂ ನನ್ನ ಅಭ್ಯಂತರವಿಲ್ಲ.

ಈಚೆಗೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಜಗಳೂರು ತಾಲ್ಲೂಕಿನ ಹಳ್ಳಿಯವನು. ನಮಸ್ಕಾರ ಮಾಡಲು ಬಾಗಿದಾಗ ನೆತ್ತಿಯ ಕೂದಲು ತೆಳುವಾಗಿರುವುದು ಕಣ್ಣಿಗೆ ಬಿತ್ತು.

"ಎಲ್ಲಿದ್ದೀಯಪ್ಪಾ ಈಗ?" ಎಂದೆ.

"ಧಾರವಾಡದಾಗ ಇದ್ದೀನಿ ಸರ್. ಓದ್ತಾ ಇದ್ದೀನಿ."

"ಎಷ್ಟು ವರ್ಷವಾಯಿತು?"

"ಹನ್ನೊಂದು ಸರ್. ಎರಡು ಸಲ ಸ್ವಲ್ಪದರಾಗ ಹೋತು. ಈ ಸಲ ಪಕ್ಕಾ."

ಚಿಕ್ಕಪ್ಪನ ಮಗಳ ಮದುವೆಗೆಂದು ದಾವಣಗೆರೆಯವರೆಗೆ ಬಂದವನು ಅಲ್ಲಿಂದಲೇ ಧಾರವಾಡಕ್ಕೆ ಹಿಂದಿರುಗುತ್ತಿದ್ದ. ಒಂದೂವರೆ ಗಂಟೆಯ ದಾರಿಯಲ್ಲಿರುವ ಊರಿಗೆ ಹೋಗಿ ಎರಡು ವರ್ಷವಾಗಿತ್ತು. "ಹೋದ್ರೆ ಎಲ್ಲರೂ ಅದನ್ನೇ ಕೇಳ್ತಾರೆ ಸರ್" ಎಂದು ನಕ್ಕ. ಆ ನಗೆಯನ್ನು ನೋಡಲಾರದೆ ನಾನು ಬಸ್ಸಿನ ಬೋರ್ಡಿನ ಕಡೆಗೆ ನೋಡಿದೆ. ಬಸ್ಸು ಹೊರಟಿತು. ಕಿಟಕಿಯತ್ತ ಕೈಯಾಡಿಸುತ್ತ, ನನ್ನ ಅರಿವಿಗೇ ಬಾರದಂತೆ, "ಛಲ ಬಿಡಬೇಡಪ್ಪಾ" ಎಂದು ಕೂಗಿದೆ.

ಬಸ್ಸು ಮರೆಯಾದ ಮೇಲೆ ಆ ಮಾತು ನನ್ನನ್ನೇ ತಿವಿಯತೊಡಗಿತು. ಮೂವತ್ತಮೂರು ವರ್ಷದ ಮನುಷ್ಯನಿಗೆ, ತಂದೆಯ ಹೊಲದ ಬದುವನ್ನು ಎರಡು ವರ್ಷದಿಂದ ತುಳಿಯದ ಮಗನಿಗೆ, ಏನನ್ನು ಯೋಚಿಸಿ ಹಾಗೆಂದೆ? ಏನನ್ನೂ ಯೋಚಿಸಿರಲಿಲ್ಲ. ಸತ್ತವರ ಮನೆಯಲ್ಲಿ ಸಮಾಧಾನ ಹೇಳುವಂತೆ, ಮದುವೆ ಮನೆಯಲ್ಲಿ ಊಟ ಆಯಿತೇ ಎನ್ನುವಂತೆ, ನಾಲಗೆಗೆ ರೂಢಿಯಾದ ಮಾತು ಅದು.

ನನ್ನ ವಾದ ಇಷ್ಟು. ಕನಸು ಕಾಣುವುದು ತಪ್ಪಲ್ಲ. ಅದಕ್ಕಾಗಿ ಯೌವನದ ಕೆಲವು ವರ್ಷಗಳನ್ನು ತೆತ್ತರೂ ತಪ್ಪಿಲ್ಲ. ಆದರೆ ಬಾಗಿಲ ಕೀಲಿಕೈ ಬೇರೆಯವರ ಕೈಯಲ್ಲಿರುವ ಕನಸಿಗೆ ಹೊರಡುವ ಮುನ್ನವೇ ಒಂದು ಗಡುವನ್ನು ಹಾಕಿಕೊಳ್ಳಬೇಕು. ಆ ಗಡುವು ಬಂದಾಗ ಎದ್ದು ಬರುವವನನ್ನು ಸೋತವನೆಂದು ಕರೆಯುವ ಹಕ್ಕು ಊರಿಗೂ ಇಲ್ಲ, ಮನೆಗೂ ಇಲ್ಲ. ಗಡುವಿಲ್ಲದ ಛಲವನ್ನು ವೇದಿಕೆಯ ಮೇಲಿಂದ ಹಂಚುವವರು, ನನ್ನನ್ನೂ ಸೇರಿಸಿಕೊಂಡು, ಹೊಣೆಗೇಡಿಗಳು.

ಮೊದಲು ಲೆಕ್ಕವನ್ನು ನೋಡೋಣ. ಕೇಂದ್ರ ಲೋಕಸೇವಾ ಆಯೋಗದ 2023ನೆಯ ಸಾಲಿನ ಸಿವಿಲ್ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10 ಲಕ್ಷಕ್ಕೂ ಹೆಚ್ಚು ಮಂದಿ. ಪೂರ್ವಭಾವಿ ಪರೀಕ್ಷೆಗೆ ಕುಳಿತವರು 5,92,141. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,624. ಸಂದರ್ಶನಕ್ಕೆ ಅರ್ಹರಾದವರು 2,855. ಕೊನೆಗೆ ಆಯ್ಕೆಯಾದವರು 1,016. ಪರೀಕ್ಷೆಗೆ ಕುಳಿತ ಸುಮಾರು 583 ಮಂದಿಗೆ ಒಬ್ಬರು. ಈಗ ವಾದಕ್ಕಾಗಿ ಒಂದು ಮಾತನ್ನು ಒಪ್ಪಿಕೊಳ್ಳೋಣ: ಆ ವರ್ಷ ಕುಳಿತವರೆಲ್ಲ ಛಲದಿಂದ ಇಮ್ಮಡಿ ಓದಿದ್ದರೆನ್ನೋಣ. ಆಯ್ಕೆಯಾಗುವವರು ಎಷ್ಟಾಗುತ್ತಿದ್ದರು? ಆಗಲೂ 1,016. ಛಲ ಒಬ್ಬನನ್ನು ಇನ್ನೊಬ್ಬನಿಗಿಂತ ಮುಂದೆ ತಳ್ಳಬಹುದು. ಕುರ್ಚಿಗಳ ಸಂಖ್ಯೆಯನ್ನು ಒಂದರಷ್ಟೂ ಹೆಚ್ಚಿಸಲಾರದು. "ಪ್ರಯತ್ನಪಟ್ಟರೆ ಎಲ್ಲರಿಗೂ ಸಾಧ್ಯ" ಎಂಬ ಮಾತು ಒಬ್ಬೊಬ್ಬರ ಕಿವಿಯಲ್ಲಿ ಬೇರೆಬೇರೆಯಾಗಿ ಹೇಳಿದಾಗ ನಿಜವೆಂದು ತೋರುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹೇಳಿದಾಗ ಸುಳ್ಳಾಗುತ್ತದೆ. ನಾವು ಅದನ್ನು ಎಲ್ಲರನ್ನೂ ಒಟ್ಟಿಗೆ ಕೂರಿಸಿಯೇ ಹೇಳುತ್ತಿದ್ದೇವೆ.

ಇದು ದಿಲ್ಲಿಯ ಪರೀಕ್ಷೆಯ ಮಾತಾಯಿತು. ನಮ್ಮ ರಾಜ್ಯದ್ದು ಇನ್ನೊಂದು ಬಗೆ. ಇಲ್ಲಿ ಸಂಖ್ಯೆಯ ಜೊತೆಗೆ ಪಂಚಾಂಗವೂ ಇಲ್ಲ. ಗೆಜೆಟೆಡ್ ಪ್ರೊಬೇಷನರುಗಳ ಹುದ್ದೆಗೆ 2011ರಲ್ಲಿ ಅರ್ಜಿ ಕರೆದರು, 362 ಹುದ್ದೆಗಳು. ಅಕ್ರಮದ ಆರೋಪದ ಮೇಲೆ 2014ರಲ್ಲಿ ಸರ್ಕಾರ ಆ ಆಯ್ಕೆಯನ್ನು ಹಿಂತೆಗೆದುಕೊಂಡಿತು. ವ್ಯಾಜ್ಯ ನ್ಯಾಯಮಂಡಳಿ, ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿದು, ಕಡೆಗೆ 2022ರಲ್ಲಿ ಶಾಸನಸಭೆ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಆ ಆಯ್ಕೆಗೆ ಸಿಂಧುತ್ವ ಕೊಟ್ಟಿತು. ನಡುವೆ ಕಳೆದದ್ದು ಹನ್ನೊಂದು ವರ್ಷ. 2020ರಲ್ಲಿ 106 ಹುದ್ದೆಗಳಿಗೆ ಅರ್ಜಿ ಕರೆದ ಆಯೋಗ ಮತ್ತೆ ಅದೇ ಪರೀಕ್ಷೆಗೆ ಅರ್ಜಿ ಕರೆದದ್ದು 2024ರಲ್ಲಿ, 384 ಹುದ್ದೆಗಳಿಗೆ. ಆ ವರ್ಷದ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವಾಗದ ಭಾಷಾಂತರಗಳಾಗಿದ್ದುವೆಂದು ಗಲಾಟೆಯೆದ್ದು, ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಅಲ್ಲಿಯೂ ಅದೇ ದೂರು ಕೇಳಿಬಂತು. ಕನ್ನಡನಾಡಿನ ಅಧಿಕಾರಿಯಾಗಹೊರಟ ಹೊನ್ನಾಳಿಯ ಹುಡುಗಿ ತನ್ನ ಭಾಷೆಯ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿ ತಿಳಿದುಕೊಳ್ಳಬೇಕಾಯಿತು ಎಂದರೆ, ಇದಕ್ಕಿಂತ ಹೆಚ್ಚಿನ ಅವಮಾನ ಕನ್ನಡಕ್ಕೆ ಬೇರೆ ಬೇಕಿಲ್ಲ.

ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಯ ಕತೆ ಎಲ್ಲರೂ ಬಲ್ಲದ್ದು. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕಳ್ಳತನ ಮಾಡಿದವರನ್ನು ಹಿಡಿದದ್ದು ಸರಿ. ಆದರೆ ಪ್ರಾಮಾಣಿಕನಾಗಿ ಬರೆದವನು ಕಳೆದುಕೊಂಡ ಎರಡು ವರ್ಷವನ್ನು ಯಾವ ಠಾಣೆಯಲ್ಲಿ ದೂರು ಕೊಟ್ಟು ಹಿಂದಕ್ಕೆ ಪಡೆಯಬೇಕು? ಮತ್ತೆ 2024ರ ಅಕ್ಟೋಬರಿನಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆಗಳು ಬೇಡವೆಂದು ಮಂತ್ರಿಮಂಡಲ ನಿರ್ಧರಿಸಿತು. ತೀರ್ಮಾನವಾದದ್ದು 2025ರ ಆಗಸ್ಟಿನಲ್ಲಿ. ಕಾರಣ ನ್ಯಾಯವಾದದ್ದೇ; ಬಹುಕಾಲ ಕಾದವರಿಗೆ ಸಲ್ಲಬೇಕಾದದ್ದೇ. ಆದರೆ ಆ ಕಾಲವೂ ಸರ್ಕಾರದ ಆಯುಷ್ಯದಿಂದ ಕಳೆಯಲಿಲ್ಲ, ಉಮೇದುವಾರರ ಆಯುಷ್ಯದಿಂದಲೇ ಕಳೆಯಿತು. ವಯೋಮಿತಿಯನ್ನು ಸಡಿಲಿಸಿದ್ದೇವೆ ಎಂದು ಸರ್ಕಾರ ಹೇಳುತ್ತದೆ. ಸಡಿಲಿಕೆ ಕಳೆದ ವರ್ಷವನ್ನು ಹಿಂದಿರುಗಿಸುವುದಿಲ್ಲ. ಇನ್ನಷ್ಟು ವರ್ಷ ಕಾಯಲು ಅಪ್ಪಣೆ ಕೊಡುತ್ತದೆ, ಅಷ್ಟೆ.

ಹಾಗಾದರೆ ನಮ್ಮ ಮಕ್ಕಳು ಇಷ್ಟು ಕಷ್ಟದ ಬಾಗಿಲಿಗೇ ಏಕೆ ಮುಗಿಬೀಳುತ್ತಾರೆ? ಉತ್ತರ ಬೇಕಾದವರು ಯಾವುದಾದರೊಂದು ತಾಲ್ಲೂಕು ಕಚೇರಿಯ ಮುಂದೆ ಅರ್ಧ ದಿನ ನಿಂತು ನೋಡಬೇಕು. ಹೊನ್ನಾಳಿಯಿಂದ ಬೇರೆಯಾಗಿ ಈಚಿನ ವರ್ಷಗಳಲ್ಲಿ ತಾಲ್ಲೂಕಾದ ನ್ಯಾಮತಿಯನ್ನೇ ತೆಗೆದುಕೊಳ್ಳಿ. ನೆರೆಯೂರಿಗೆ ಬಸ್ಸು ಹತ್ತಿ ಹೋಗಬೇಕಾಗಿದ್ದ ಅಧಿಕಾರ ಕಣ್ಣೆದುರಿಗೇ ಬಂದು ಕುಳಿತಿತು: ತಹಶೀಲ್ದಾರರ ಕಚೇರಿ, ಜೀಪು, ಕಿಂಡಿ, ಕಿಂಡಿಯ ಮುಂದೆ ಸಾಲು. ಆ ಸಾಲಿನಲ್ಲಿ ಪಹಣಿಯ ತಿದ್ದುಪಡಿಗೆಂದು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು ನಿಂತ ತಂದೆ. ಅವನ ಪಕ್ಕದಲ್ಲಿ ಹತ್ತು ವರ್ಷದ ಮಗ. ಒಳಗಿನವನು "ನಾಳೆ ಬಾ" ಎನ್ನುತ್ತಾನೆ. ವಯಸ್ಸಿನಲ್ಲಿ ತನಗಿಂತ ಕಿರಿಯನಾದವನು ತಂದೆಯನ್ನು ಏಕವಚನದಲ್ಲಿ ಕರೆದದ್ದನ್ನು ಮಗ ಕೇಳಿಸಿಕೊಳ್ಳುತ್ತಾನೆ. ಅವನ ಕನಸು ಹುಟ್ಟಿದ್ದು ಆ ಗಳಿಗೆಯಲ್ಲಿ: ಒಂದು ದಿನ ನಾನು ಕಿಂಡಿಯ ಆ ಕಡೆ ಕುಳಿತುಕೊಳ್ಳಬೇಕು. ಈ ಕನಸನ್ನು ಹೀಯಾಳಿಸುವಷ್ಟು ಕಲ್ಲೆದೆ ನನಗಿಲ್ಲ. ಆದರೆ ಇದರಲ್ಲಿ ತಪ್ಪು ಯಾರದು? ಕಿಂಡಿಯ ಈ ಕಡೆ ನಿಂತವನಿಗೂ ಮರ್ಯಾದೆ ಸಿಗುವಂತಿದ್ದರೆ, ಆ ಕಡೆಗೆ ದಾಟಲು ಲಕ್ಷ ಜನ ಹತ್ತು ವರ್ಷ ಸುಡಬೇಕಾಗುತ್ತಿತ್ತೆ?

ಇನ್ನು ಪೂರ್ವಪಕ್ಷಕ್ಕೆ ಬರೋಣ. ಚನ್ನಗಿರಿಯ ಕಡೆಯ ಗೆಳೆಯರೊಬ್ಬರು, ತೋಟದವರು, ನನ್ನ ಮಾತಿಗೆ ಹೀಗೆಂದರು: "ಅಡಿಕೆ ಸಸಿ ನೆಟ್ಟವನು ಫಲಕ್ಕೆ ಆರೇಳು ವರ್ಷ ಕಾಯೋದಿಲ್ಲವಾ ಮೇಷ್ಟ್ರೇ? ಮಗ ಕಾದರೆ ತಪ್ಪೇನು?" ಒಳ್ಳೆಯ ಪ್ರಶ್ನೆ. ಆದರೆ ಅವರ ತೋಟದಲ್ಲೇ ಇದಕ್ಕೆ ಉತ್ತರವಿದೆ. ನೀರು ಗೊಬ್ಬರ ಕಂಡ ಅಡಿಕೆ ಸಾಲಿನಲ್ಲಿ ಬಹುಪಾಲು ಮರ ಫಲ ಕೊಡುತ್ತವೆ. 583 ಸಸಿ ನೆಟ್ಟು ಒಂದೇ ಮರ ಗೊನೆ ಬಿಡುವುದಾಗಿದ್ದರೆ ಚನ್ನಗಿರಿಯಲ್ಲಿ ಯಾರೂ ಅಡಿಕೆ ಹಾಕುತ್ತಿರಲಿಲ್ಲ. ಎರಡನೆಯದಾಗಿ, ಬುದ್ಧಿವಂತ ರೈತ ಬರಿಗೈಯಲ್ಲಿ ಕಾಯುವುದಿಲ್ಲ. ಅಡಿಕೆ ಸಸಿಗಳ ನಡುವೆ ಬಾಳೆ ಹಾಕುತ್ತಾನೆ. ಬಾಳೆ ಎಳೆಯ ಸಸಿಗೆ ನೆರಳಾಗುತ್ತದೆ, ಮನೆಗೆ ಕಾಸಾಗುತ್ತದೆ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ಓದುತ್ತಿರುವ ನಮ್ಮ ಹುಡುಗರ ನಡುವಿನ ಬಾಳೆ ಎಲ್ಲಿ? "ಕೆಲಸ ಮಾಡಿಕೊಂಡು ಓದಿದರೆ ಏಕಾಗ್ರತೆ ಕೆಡುತ್ತದೆ, ಬಿಟ್ಟುಬಿಡು" ಎಂದು ಹೇಳಿ ಆ ಬಾಳೆಯನ್ನು ಕೀಳಿಸಿದವರು ನಾವೇ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. "ತೋಟವಿದ್ದವನಿಗೆ ಸರ್ಕಾರಿ ನೌಕರಿ ಕನಸಿರಬಹುದು; ಏನೂ ಇಲ್ಲದವನಿಗೆ ಅದೊಂದೇ ಏಣಿ. ಬಿಟ್ಟು ಬಾ ಎಂದು ಹೇಳುವುದು ಉಂಡವರ ಉಪದೇಶವಲ್ಲವೆ?" ಈ ಮಾತಿನ ಮುಂದೆ ನಾನು ತಲೆ ತಗ್ಗಿಸುತ್ತೇನೆ. ಅಂಗೈಯಗಲ ಹೊಲವುಳ್ಳವನ, ಅದೂ ಇಲ್ಲದವನ ಮಗಳು ಪರೀಕ್ಷೆ ಬರೆದು ಅಧಿಕಾರಿಯಾಗುವುದು ಈ ದೇಶದ ಸಂವಿಧಾನ ಮಾಡಿದ ದೊಡ್ಡ ಕೆಲಸ. ಆದರೆ ಗಡುವಿಲ್ಲದೆ ಕಾಯುವುದು ಯಾರಿಗೆ ಹೆಚ್ಚು ದುಬಾರಿ ಎಂಬುದನ್ನೂ ಯೋಚಿಸಬೇಕು. ತೋಟದ ಮಗ ನಲವತ್ತಕ್ಕೆ ಹಿಂದಿರುಗಿದರೂ ತೋಟವಿರುತ್ತದೆ. ಕೂಲಿಯ ಮಗ ಹಿಂದಿರುಗಿದಾಗ ತಂದೆಯ ರಟ್ಟೆಯ ಬಲ ಉಳಿದಿರುವುದಿಲ್ಲ. ಸಂಘದ ಸಾಲ ಬೆಳೆದಿರುತ್ತದೆ. ತಂಗಿಯ ಓದು ನಿಂತಿರುತ್ತದೆ. ಬಡವನಿಗೇ ಗಡುವು ಹೆಚ್ಚು ಬೇಕು, ಬಡವನಿಗೇ ಎರಡನೆಯ ಏಣಿಯೂ ಬೇಕು. ಎರಡನೆಯ ಏಣಿಯನ್ನು ಕೊಡದೆ ಮೊದಲನೆಯದನ್ನೇ ಹಿಡಿದು ನೇತಾಡು ಎನ್ನುವುದು ಬಡವರ ಪರವಾದ ಮಾತಲ್ಲ.

ಹೆಣ್ಣುಮಕ್ಕಳ ವಿಚಾರದಲ್ಲಿ ನನ್ನ ವಾದವನ್ನು ಯಾರಾದರೂ ತಿರುಚಬಹುದೆಂಬ ಭಯದಿಂದ ಇಲ್ಲೇ ಒಂದು ಮಾತು. ಗಡುವು ಅವರಿಗೆ ಮೊದಲಿನಿಂದಲೂ ಇದೆ. "ಎರಡು ವರ್ಷ ಓದಿಕೋ, ಆಮೇಲೆ ಗಂಡು ನೋಡುತ್ತೇವೆ" ಎಂಬ ಗಡುವು. ಅದನ್ನು ಹಾಕಿದವರು ಅವರಲ್ಲ. ಮಗನಿಗೆ ಹನ್ನೊಂದು ವರ್ಷ, ಮಗಳಿಗೆ ಎರಡು: ಇದನ್ನು ನಾನು ಸಮರ್ಥಿಸುತ್ತಿಲ್ಲ. ನಾನು ಹೇಳುವ ಗಡುವು ಓದುವವರು ತಾವೇ ತಮಗೆ ಹಾಕಿಕೊಳ್ಳುವುದು. ಮಗಳಿಗೂ ಮಗನಿಗೂ ಒಂದೇ ಅಳತೆಯದು.

ಇನ್ನು ಕೀಲಿಕೈಯ ಮಾತು. ಎಲ್ಲ ಕನಸುಗಳೂ ಒಂದೇ ಜಾತಿಯವಲ್ಲ. ಶಹಾಜಿಯ ಸಮಾಧಿಯಿರುವ ಊರೆಂದು ಇತಿಹಾಸದಲ್ಲಿ ಹೆಸರಾದ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ 1944ರಲ್ಲಿ ಹುಟ್ಟಿದ ಎಚ್.ಎಸ್. ವೆಂಕಟೇಶಮೂರ್ತಿಯವರು ಕವಿಯಾದರು. ಅವರು ಕವಿತೆಗಾಗಿ ಹೊಟ್ಟೆಪಾಡನ್ನು ಬಿಟ್ಟು ಕೂರಲಿಲ್ಲ. ಮಲ್ಲಾಡಿಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು, ಆಮೇಲೆ ಬೆಂಗಳೂರಿನ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನಲ್ಲಿ ಬಹುಕಾಲ ಕನ್ನಡ ಪಾಠ ಹೇಳಿದರು. ತರಗತಿ ಮುಗಿಸಿ ಬಂದು ಬರೆದರು. 2020ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2025ರ ಮೇ 30ರಂದು ತೀರಿಕೊಂಡಾಗ ಅವರ ಹಾಡು ಬಾಯಿಗೆ ಬಾರದ ಮಗು ಕನ್ನಡನಾಡಿನಲ್ಲಿ ಅಪರೂಪವಾಗಿತ್ತು. ಕವಿತೆಗೆ ಅಧಿಸೂಚನೆ ಬೇಡ, ವಯೋಮಿತಿ ಬೇಡ. ಅದರ ಕೀಲಿಕೈ ಬರೆಯುವವನ ಜೇಬಿನಲ್ಲೇ ಇರುತ್ತದೆ. ಅಂಥ ಕನಸನ್ನು ಸಾಯುವವರೆಗೂ ಬಿಡಬೇಡಿ ಎಂದು ನಾನೇ ಹೇಳುತ್ತೇನೆ. ಹಾಡುಗಾರಿಕೆ, ನಾಟಕ, ಬೇಸಾಯದ ಹೊಸ ಪ್ರಯೋಗ, ಹಳ್ಳಿಯಲ್ಲೊಂದು ಪುಸ್ತಕ ಭಂಡಾರ: ಇವಕ್ಕೆ ಗಡುವೇಕೆ? ಆದರೆ ಹುದ್ದೆಯ ಕನಸಿನ ಕೀಲಿಕೈ ಆಯೋಗದ ಬಳಿ ಇದೆ, ಸಂಪುಟದ ಬಳಿ ಇದೆ, ನ್ಯಾಯಾಲಯದ ಬಳಿ ಇದೆ, ಭಾಷಾಂತರಕಾರನ ಬಳಿಯೂ ಇದೆ. ಎರಡನ್ನೂ "ಕನಸು" ಎಂಬ ಒಂದೇ ಹೆಸರಿನಿಂದ ಕರೆದು ಎರಡಕ್ಕೂ ಒಂದೇ ಛಲವನ್ನು ಬೋಧಿಸಿದ್ದೇ ನಮ್ಮ ಮೊದಲ ತಪ್ಪು.

ಗಡುವು ಎಷ್ಟಿರಬೇಕು ಎಂದು ಕೇಳಿದರೆ ಒಬ್ಬೊಬ್ಬರ ಮನೆಯ ಸ್ಥಿತಿಯಂತೆ ಬೇರೆಯಾಗಬಹುದು. ಮೂರು ಪ್ರಯತ್ನವಿರಲಿ, ಐದು ವರ್ಷವಿರಲಿ. ಹೊರಡುವ ದಿನವೇ ಕಾಗದದ ಮೇಲೆ ಬರೆದು ಮನೆಯ ಹಿರಿಯರ ಕೈಗೆ ಕೊಟ್ಟಿರಬೇಕು. ನಡುದಾರಿಯಲ್ಲಿ ತೀರ್ಮಾನಿಸಲು ಹೊರಟರೆ ಬುದ್ಧಿ ಕೈಕೊಡುತ್ತದೆ. "ಇಷ್ಟು ವರ್ಷ ಹಾಕಿದ್ದೇನೆ, ಈಗ ಬಿಟ್ಟರೆ ಎಲ್ಲ ವ್ಯರ್ಥ" ಎಂಬ ಮೋಹ ಹಿಡಿಯುತ್ತದೆ. ಕೇಂದ್ರದ ಆಯೋಗವೇ ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ ಆರು ಸಲ, ಹಿಂದುಳಿದ ವರ್ಗದವರಿಗೆ 35ರೊಳಗೆ ಒಂಬತ್ತು ಸಲ ಎಂದು ಮಿತಿ ಇಟ್ಟಿದೆ. ಅವರು ಬಾಗಿಲು ಹಾಕುವವರೆಗೆ ಕಾಯುವುದಕ್ಕಿಂತ, ನಡೆಯುವ ಶಕ್ತಿ ಇರುವಾಗಲೇ ಎದ್ದು ಬರುವುದು ಮೇಲು.

ಉಳಿದ ಹೊಣೆ ಊರಿನದು. ಸನ್ಮಾನ ಮಾಡುವ ಸಂಘಗಳಿಗೆ ನನ್ನದೊಂದು ಬಿನ್ನಹ: ಮುಂದಿನ ಸಲ ವೇದಿಕೆಯ ಮೇಲೆ ಇನ್ನೊಂದು ಕುರ್ಚಿ ಹಾಕಿ. ನಾಲ್ಕು ವರ್ಷ ಓದಿ, ಗಡುವಿಗೆ ಎದ್ದು ಬಂದು, ಈಗ ವಕೀಲಿಯನ್ನೋ ಶಾಲೆಯ ಪಾಠವನ್ನೋ ಹೊಲವನ್ನೋ ನೋಡಿಕೊಳ್ಳುತ್ತಿರುವವನನ್ನು ಅದರಲ್ಲಿ ಕೂರಿಸಿ ಅವನಿಂದಲೂ ನಾಲ್ಕು ಮಾತು ಆಡಿಸಿ. ಅವನು ಓದಿದ್ದು ವ್ಯರ್ಥವಾಗಿಲ್ಲ. ಸಂವಿಧಾನವನ್ನೂ ಭೂಕಂದಾಯದ ಕಾನೂನನ್ನೂ ಬಲ್ಲ ಒಬ್ಬ ಕಿಂಡಿಯ ಈ ಕಡೆಯ ಸಾಲಿನಲ್ಲಿ ನಿಂತಿದ್ದರೆ "ನಾಳೆ ಬಾ" ಎನ್ನಲು ಒಳಗಿನವನಿಗೆ ನಾಲಗೆ ಏಳುವುದಿಲ್ಲ. ಇನ್ನು ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದ ಹುಡುಗನನ್ನು "ಇನ್ನೂ ಓದ್ತಾ ಇದ್ದೀಯಾ?" ಎಂದು ಕೇಳುವ ಚಟವನ್ನು ಬಿಡೋಣ. ಊಟ ಆಯಿತೇ ಎಂದು ಕೇಳಿದರೆ ಸಾಕು.

ಜಗಳೂರು ಮಳೆಯನ್ನು ನಂಬಿದ ಸೀಮೆ. ಕೆರೆಗಳಿಗೆ ತುಂಗಭದ್ರೆಯ ನೀರೆತ್ತುವ ಯೋಜನೆ ಬಂದಿದ್ದರೂ ಅಲ್ಲಿಯ ಬಹುಪಾಲು ಹೊಲ ಮುಗಿಲನ್ನೇ ನೋಡುತ್ತಿರುತ್ತದೆ. ಮುಂಗಾರು ತಡವಾದರೆ ಅಲ್ಲಿಯ ರೈತ ಶೇಂಗಾಕ್ಕೋ ಮೆಕ್ಕೆಜೋಳಕ್ಕೋ ಒಂದು ದಿನದವರೆಗೆ ಕಾಯುತ್ತಾನೆ. ಆ ದಿನ ದಾಟಿದರೆ ಬೀಜದ ಚೀಲವನ್ನು ಕಟ್ಟಿಟ್ಟು, ಹಿಂದಿನ ಮಳೆಗೆ ಹುರುಳಿ ಚೆಲ್ಲುತ್ತಾನೆ. ಅದನ್ನು ಸೋಲು ಎಂದು ಯಾರೂ ಕರೆಯುವುದಿಲ್ಲ. ಬೇಸಾಯ ಎನ್ನುತ್ತಾರೆ.

ಆ ದಿನ ಬಸ್ಸಿನ ಕಿಟಕಿಗೆ ನಾನು ಕೂಗಿ ಹೇಳಬೇಕಾಗಿದ್ದ ಮಾತು ಇದು. ಹೇಳಲಿಲ್ಲ. ಈ ಪತ್ರಿಕೆ ಧಾರವಾಡದ ಆ ಕೋಣೆಯವರೆಗೂ ಹೋಗಿ ಮುಟ್ಟಿದರೆ, ಅಪ್ಪಾ, ಇದನ್ನೇ ನಿನ್ನ ಮೇಷ್ಟರ ತಿದ್ದುಪಡಿ ಎಂದು ತಿಳಿದುಕೋ. ಒಂದು ದಿನವನ್ನು ಗೊತ್ತುಮಾಡಿಕೋ. ಅಲ್ಲಿಯವರೆಗೆ ಚೆನ್ನಾಗಿ ಓದು. ಆದರೆ ಅದಕ್ಕೂ ಮೊದಲು ಈ ಭಾನುವಾರ ಊರಿಗೆ ಹೋಗಿ ನಿಮ್ಮ ತಂದೆಯವರನ್ನು ನೋಡಿಕೊಂಡು ಬಾ.